ಹೊಸ ಬಟ್ಟೆಯನ್ನು ಹಳೆಯದು ಮಾಡುವ ಕಷ್ಟ

ಹಳೆಯ ಬಟ್ಟೆಯನ್ನು ಹೊಸದರಂತೆ ತೋರಿಸುವ ವಿದ್ಯೆ ಸಂಬಳದ ಮೇಲೆ ಬದುಕುವ ಎಲ್ಲರಿಗೂ ಬರುತ್ತದೆ. ಗಂಜಿ ಹಾಕಿ, ನೀಲಿ ಅದ್ದಿ, ಮಡಿಸಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿಬಿಟ್ಟರೆ, ಎಂದೋ ಕೊಂಡ ಪಂಚೆ ಬೆಳಿಗ್ಗೆ ಏಳುವ ಹೊತ್ತಿಗೆ ಮದುವೆಗೆ ಹೊರಟು ನಿಂತ ಹಾಗೆ ಕಾಣುತ್ತದೆ. ಈ ವಿದ್ಯೆಯಲ್ಲಿ ನಾನೂ ತಕ್ಕಮಟ್ಟಿಗೆ ನುರಿತವನೇ. ಆದರೆ ಹೊಸ ಬಟ್ಟೆಯನ್ನು ತಂದು, ಕಷ್ಟಪಟ್ಟು, ಮನೆಮಂದಿಯೆಲ್ಲ ಸೇರಿ ಅದನ್ನು ಹಳೆಯದು ಮಾಡುವ ಪ್ರಸಂಗ ಎಷ್ಟು ಜನರ ಪಾಲಿಗೆ ಬಂದಿದೆಯೋ ಕಾಣೆ. ನನ್ನ ಪಾಲಿಗೆ ಬಂದಿತ್ತು. ಅದು ಎಂಥ ದುಡಿಮೆ ಎಂದು ತಿಳಿದ ಮೇಲೆ, ಯಾರ ಸಹಾಯವೂ ಇಲ್ಲದೆ ತಾವಾಗಿಯೇ ಹಳೆಯದಾಗುವ ವಸ್ತುಗಳ ಮೇಲೆ, ಎಂದರೆ ಕೊಡೆ, ಚಪ್ಪಲಿ, ಗುಮಾಸ್ತ ಇತ್ಯಾದಿಗಳ ಮೇಲೆ, ನನಗೆ ಗೌರವ ಹೆಚ್ಚಾಗಿದೆ.

ನಾನು ಆಗ ಹಿಂದೂಪುರದ ಒಂದು ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ನಾನು, ನನ್ನ ಹೆಂಡತಿ ಪಾರ್ವತಿ, ನಮ್ಮವ್ವ. ಅಪ್ಪ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಆ ಕಾಲದಲ್ಲಿ ಗುಮಾಸ್ತನಿಗೆ ಕತ್ತುಮುಚ್ಚಿದ ಕೋಟು ಎಂಬುದು ದೇವರು ಕೊಟ್ಟ ವರ. ಕೋಟು ತೊಟ್ಟ ಮೇಲೆ ಅಂಗಿಯಲ್ಲಿ ಲೋಕಕ್ಕೆ ಕಾಣುವುದು ಕೊರಳಪಟ್ಟಿಯ ಒಂದು ಗೆರೆ ಮತ್ತು ಮುಂಗೈಯ ಒಂದು ಅಂಚು ಮಾತ್ರ. ಮಿಕ್ಕಿದ್ದು ಹೆಂಡತಿ ಮತ್ತು ದೇವರು ನೋಡುವಂಥದ್ದು. ಇಬ್ಬರೂ ಹೊರಗೆ ಹೇಳುವವರಲ್ಲ. ಈ ತತ್ವವನ್ನು ಅವ್ವ ಚೆನ್ನಾಗಿ ಅರಿತಿದ್ದಳು. ನನ್ನ ಅಂಗಿಗಳು ಬೆನ್ನಿನಲ್ಲಿ ಹರಿದಾಗಲೆಲ್ಲ, ಮನೆಯಲ್ಲಿ ಏನು ಸಿಕ್ಕರೆ ಅದರಿಂದ ತೇಪೆ ಹಾಕುತ್ತಿದ್ದಳು. ಒಂದು ಅಂಗಿಯ ಬೆನ್ನು ಮಾತ್ರ ತೇಪೆಗೂ ನಿಲ್ಲದೆ ಪೂರ್ತಿ ಜಾಳಾದಾಗ, ಪೆಟ್ಟಿಗೆಯಿಂದ ಅಪ್ಪ ತಲೆಗೆ ಸುತ್ತುತ್ತಿದ್ದ ರುಮಾಲು ತೆಗೆದು, ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದು, ಆಮೇಲೆ ಅದನ್ನೇ ಕತ್ತರಿಸಿ ಬೆನ್ನಿಗೆ ಹೊಲಿದುಬಿಟ್ಟಳು. ಅದರ ಮೇಲೂ ಕಾಲಕ್ರಮದಲ್ಲಿ ತೇಪೆಗಳು ಬಂದವು. ಹೀಗೆ ನಾನು ಮುಂದಿನಿಂದ ಗುಮಾಸ್ತ, ಹಿಂದಿನಿಂದ ಸಂತೆಯಾಗಿ ಬಹಳ ಕಾಲ ಸುಖವಾಗಿದ್ದೆ.

ತೊಂದರೆಯ ಬೀಜ ಬಿದ್ದದ್ದು ನನ್ನ ಮದುವೆಯ ಮಾತುಕತೆಯ ದಿನ. ಪಾರ್ವತಿಯ ತವರು ಕಲ್ಯಾಣದುರ್ಗ. ಮಾವನವರದು ಅಲ್ಲಿ ಕಡಲೆಕಾಯಿ ವ್ಯಾಪಾರ, ಊರಲ್ಲಿ ದೊಡ್ಡ ಹೆಸರು. ಅಂಥವರ ಮುಂದೆ ನಾವು ಕಡಿಮೆಯಾಗಬಾರದು ಎಂದು ಅವ್ವ ವೀಳ್ಯ ಹಾಕಿಕೊಳ್ಳುತ್ತಾ ಹೇಳಿದ್ದಳು: "ನಮ್ಮ ಮನೇಲಿ ಹರಿದಿದ್ದು ಹೊಲಿದು ಹಾಕ್ಕಳೋ ಪದ್ಧತಿ ಇಲ್ಲ ಕಣಮ್ಮ. ಹರೀತು ಅಂದ್ರೆ ಪಾತ್ರೆಯೋಳಿಗೆ ಎಸೆದ್ಬುಡೋದು, ಒಂದು ತಪ್ಪಲೆ ತಗಳೋದು." ಅತ್ತೆಯವರು ಸೋಲಲಿಲ್ಲ. "ನಮ್ಮಲ್ಲೂ ಅಷ್ಟೇಯ, ಅಕ್ಕಾ. ಅಟ್ಟದ ಮೇಲೆ ತಪ್ಪಲೆ ಇಡಾಕೆ ಜಾಗಿಲ್ಲ" ಎಂದರು. ಆ ಹೊತ್ತಿನಲ್ಲಿ ನಾನು ಹೊಸ ಅಳಿಯನ ಠೀವಿಯಿಂದ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದೆ. ಒತ್ತಿಕೊಂಡಿದ್ದಕ್ಕೆ ಕಾರಣ ಠೀವಿಯಲ್ಲ; ಸೆಕೆಯಾಗಿ ಕೋಟು ಬಿಚ್ಚಿದ್ದೆ.

ಪಾರ್ವತಿ ಬಸುರಿಯಾಗಿ ತವರಿಗೆ ಹೋದಳು. ಹಿಂದೆಯೇ, ಹಿಂದೂಪುರದ ಮಂಡಿಗೆ ಬಂದಿದ್ದ ವ್ಯಾಪಾರಿಯೊಬ್ಬರ ಬಾಯಲ್ಲಿ ಅತ್ತೆಯವರು ಹೇಳಿಕಳಿಸಿದರು. ಕೂಸಿಗೆ ಕೌದಿ ಹೊಲಿಯಬೇಕು, ನಿಮ್ಮ ಕಡೆಯ ಹಳೇ ಬಟ್ಟೆ ಕಳಿಸಿಕೊಡಿ. ನಮ್ಮ ಸೀಮೆಯಲ್ಲಿ ಇದು ಕಟ್ಟುನಿಟ್ಟಿನ ಪದ್ಧತಿ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಬೆನ್ನಿಗೆ ತಾಗುವ ಮೊದಲ ಬಟ್ಟೆ ಎರಡೂ ಮನೆಯ ಹಿರಿಯರು ಉಟ್ಟು ತೊಟ್ಟು ಮೆತ್ತಗಾದ ಹಳೆಯ ಬಟ್ಟೆಯೇ ಆಗಿರಬೇಕು. ಹಳೆಯದು ಆಯಸ್ಸು ಕೊಡುತ್ತದೆ, ಹೊಸದು ದೃಷ್ಟಿ ತರುತ್ತದೆ. ಕೌದಿ ಎನ್ನಿ, ತೆಲುಗಿನವರಂತೆ ಬೊಂತ ಎನ್ನಿ, ಅದಿಲ್ಲದೆ ತೊಟ್ಟಿಲು ತೂಗುವಂತಿಲ್ಲ.

ಅವ್ವ ಹಳೇ ಬಟ್ಟೆಯ ಗಂಟು ಬಿಚ್ಚಿ ನಡುಮನೆಯಲ್ಲಿ ಹರಡಿದಳು. ಹಳೆಯದಕ್ಕೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಬಟ್ಟೆಗೆ. ಅವಳ ಸೀರೆಗಳಲ್ಲಿ ಯಾವುದು ಸೀರೆ ಯಾವುದು ತೇಪೆ ಎಂದು ಹೇಳಲು ಬರುತ್ತಿರಲಿಲ್ಲ. ನನ್ನ ಪಂಚೆಗಳನ್ನು ಬೆಳಕಿಗೆ ಹಿಡಿದರೆ ರಾಗಿ ಜರಡಿಯ ಹಾಗೆ ಕಾಣುತ್ತಿದ್ದವು. ಇವನ್ನು ಕಳಿಸಿದರೆ ಅತ್ತೆಯವರು ಬಿಚ್ಚಿ ನೋಡುತ್ತಾರೆ, ಅಕ್ಕಪಕ್ಕದವರೂ ಬಂದು ನೋಡುತ್ತಾರೆ. ತಪ್ಪಲೆಯ ಮಾತಿನ ಗತಿ ಏನಾಗಬೇಕು? ಅವ್ವ ಬಹಳ ಹೊತ್ತು ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ಅವಳಿಗೆ ಜ್ಞಾನೋದಯವಾಯಿತು.

"ಹಳೇದು ಕೊಟ್ರೆ ಮರ್ವಾದೆ ಹೋಯ್ತದೆ. ಹೊಸದು ಕೊಟ್ರೆ ಕೂಸಿಗೆ ದೃಷ್ಟಿ ಆಯ್ತದೆ. ಹೊಸದನ್ನೇ ತಂದು ಹಳೇದು ಮಾಡಿ ಕೊಟ್ರೆ ಎರಡೂ ಉಳೀತವೆ ಕಣ್ಲಾ."

"ಒಗೆದು ಬಡಿದ್ರೆ ಆಯ್ತಲ್ಲವ್ವ" ಎಂದೆ ನಾನು, ಇದು ಸುಲಭದ ಕೆಲಸ ಎಂದುಕೊಂಡು.

"ಒಗೆದ್ರೆ ಬಣ್ಣ ಮಾಸಿ ಮುದಿಯಾಯ್ತದೆ. ಇವರ ಮನೇಲಿ ಇಂಥಾವೇ ಉಡ್ತಾರೆ ಅನ್ಕಂಡ್ಬುಡ್ತಾರೆ. ಹಳೇದಾಗ್ಬೇಕು, ಆದ್ರೆ ಹಳೇದರಂಗೆ ಕಾಣಬಾರದು."

ಹೀಗೆ ನಮ್ಮ ಮನೆಗೆ ಒಂದು ಕೆಂಪು ಹೂವಿನ ಚೀಟಿ ಬಟ್ಟೆ ಬಂತು. ಅಂಗಡಿಯಲ್ಲಿದ್ದುದರಲ್ಲೇ ಕೆಂಪಾದ ಕೆಂಪು. ಅದು ನೀರು ಕಾಣಬಾರದು, ಆದರೆ ಸವೆಯಬೇಕು ಎಂಬುದು ಅವ್ವನ ಆಜ್ಞೆ. ಅವಳು ಅದನ್ನು ನಾಲ್ಕು ತುಂಡು ಮಾಡಿ ಎಲ್ಲದಕ್ಕೂ ಉದ್ಯೋಗ ಕೊಟ್ಟಳು. ಒಂದು ತುಂಡಿನ ಮೇಲೆ ತಾನು ಕೂತು ರಾಗಿ ಬೀಸಿದಳು. ಒಂದನ್ನು ಹೊಸ ವಾಸನೆ ಹೋಗಲೆಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದಳು. ವಾಸನೆ ಹೋಯಿತು, ಆದರೆ ಆ ಜಾಗಕ್ಕೆ ಈರುಳ್ಳಿ ಒಗ್ಗರಣೆ ಬಂದು ಕೂತಿತು. ಒಂದು ನನ್ನ ತಲೆದಿಂಬಿಗೆ. ನಾಲ್ಕನೆಯದನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಆಪೀಸಿನ ಕುರ್ಚಿ ಮ್ಯಾಲೆ ಹಾಕ್ಕಂಡು ಕೂತ್ಕ. ಗೌರ್ಮೆಂಟ್ ಕೆಲಸದಾಗೆ ಸವೆಯೋಷ್ಟು ಬಟ್ಟೆ ಹೊಲದಾಗೂ ಸವೆಯಾಕಿಲ್ಲ" ಎಂದಳು. ಅವ್ವ ಆಫೀಸು ನೋಡಿದವಳಲ್ಲ; ಆದರೂ ಅದರ ಮರ್ಮ ಹೇಗೆ ತಿಳಿಯಿತೋ.

ನಾನು ಆ ಕೆಂಪು ಹೂವಿನ ಮೇಲೆ ಕೂತು ಕೆಲಸ ಮಾಡತೊಡಗಿದೆ. ಮೊದಲ ದಿನ ಪಕ್ಕದ ಗುಮಾಸ್ತರು ನೋಡಿ ನೋಡದ ಹಾಗೆ ಇದ್ದರು. ಮರುದಿನ "ಏನ್ ಸಾರ್, ಮೂಲವ್ಯಾಧಿಯಾ?" ಎಂದು ಮೆಲ್ಲಗೆ ಕೇಳಿದರು. ಅಲ್ಲ ಎಂದರೆ ಕೌದಿಯ ಕಥೆ ಹೇಳಬೇಕು. ಮನೆತನದ ಮಾನ ಕಾಯುವುದಕ್ಕಾಗಿ ಹೌದು ಎಂದೆ. ಅಂದಿನಿಂದ ಆಫೀಸಿನಲ್ಲಿ ನನಗೆ ಸಿಕ್ಕ ಮದ್ದುಗಳು ಅಷ್ಟಿಷ್ಟಲ್ಲ. ಒಬ್ಬರು ಸುವರ್ಣಗಡ್ಡೆ ತಂದುಕೊಟ್ಟರು. ಚಿಲಮತ್ತೂರಿನಿಂದ ಬರುತ್ತಿದ್ದ ಜವಾನ ಯಾವುದೋ ಸೊಪ್ಪಿನ ರಸ ತಂದು, ಎದುರಿಗೆ ನಿಂತು ಕುಡಿಸಿದ. ಸಾಹೇಬರು ಮಾತ್ರ ಮನುಷ್ಯರು; ನನ್ನನ್ನು ಕಂಡಾಗಲೆಲ್ಲ, "ಎದ್ದು ನಿಲ್ಲಬೇಡಿ, ಕೂತೇ ಇರಿ, ಅಥವಾ ಹೇಗೆ ಅನುಕೂಲವೋ ಹಾಗೆ" ಎನ್ನುತ್ತಿದ್ದರು. ಬಟ್ಟೆ ಎಷ್ಟು ಸವೆಯಿತೋ ತಿಳಿಯದು, ನಾನಂತೂ ಸವೆದೆ.

ಒಂದು ಭಾನುವಾರ ಗಂಟು ತೆಗೆದುಕೊಂಡು ಬಸ್ಸು ಬದಲಾಯಿಸುತ್ತಾ ಕಲ್ಯಾಣದುರ್ಗ ಮುಟ್ಟಿದೆ. ಅಷ್ಟರಲ್ಲಿ ಹೆರಿಗೆಯಾಗಿ ಹೆಣ್ಣುಕೂಸು ಬಂದಿತ್ತು. ಅತ್ತೆಯವರು ನಮ್ಮ ಕೆಂಪು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು, ಮೂಗಿನ ಹತ್ತಿರ ತಂದರು, ಹುಬ್ಬೇರಿಸಿದರು. "ಅಕ್ಕನೋರು ಹಳೇದನ್ನೂ ಎಷ್ಟು ಚೆಂದಾಗಿ ಮಡಗ್ಕಂಡವ್ರೆ" ಎಂದರು. ಆಮೇಲೆ ತಮ್ಮ ಕಡೆಯ ಹಳೆಯ ಬಟ್ಟೆ ತಂದು ತೋರಿಸಿದರು. ಗಿಳಿಹಸಿರು. "ಇದು ನಮ್ಮತ್ತೆ ಕಾಲದ್ದು" ಎಂದು ಅವರು ಹೇಳುತ್ತಿರುವಾಗ ಬಟ್ಟೆಯ ತುದಿಯಲ್ಲಿ ಗಿರಣಿಯವರು ಒತ್ತಿದ ನೇರಳೆ ಮುದ್ರೆ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ನಾನು ಪಾರ್ವತಿಯ ಮುಖ ನೋಡಿದೆ. ಅವಳು ಕೂಸಿನ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳ ಭುಜ ಕುಲುಕುವುದು ಕಂಡಿತು.

ಅತ್ತೆಯವರು ಒಳಗೆ ಹೋದ ಮೇಲೆ ಪಾರ್ವತಿ ಪಿಸುಗುಟ್ಟಿದಳು: "ಒಂದು ತಿಂಗಳಿಂದ ಅಪ್ಪ ಅದನ್ನ ಗಾದಿ ಮೇಲೆ ಹಾಕ್ಕಂಡು ಕೂತವ್ರೆ. ಗಿರಾಕಿಗಳೆಲ್ಲ ಏನ್ ಶೆಟ್ರೇ ಮೂಲವ್ಯಾಧಿಯಾ ಅಂತಾವ್ರೆ." ಮಾವನವರ ಮೇಲೆ ನನಗೆ ಮೊದಲ ಬಾರಿಗೆ ಬಂಧುಪ್ರೇಮ ಉಕ್ಕಿತು.

ಆಗಲೇ ನಾನು ಬಾಯಿ ಬಿಡಬಹುದಾಗಿತ್ತು ಎಂದು ನೀವು ಹೇಳಬಹುದು. ಇಬ್ಬರು ಬೀಗಿತ್ತಿಯರ ನಡುವೆ ನಿಂತು ಸತ್ಯ ನುಡಿದವನಿಗೆ ಎರಡು ಮನೆಯ ಊಟವೂ ತಪ್ಪುತ್ತದೆ. ಕೌದಿ ಹೊಲಿಯುವ ಮೊದಲು ಒಮ್ಮೆ ಒಗೆಯೋಣ ಎಂದು ಯಾರೊಬ್ಬರು ಹೇಳಿದ್ದರೂ ಸಾಕಿತ್ತು. ಆದರೆ ಹಳೆಯ ಬಟ್ಟೆ ಎಂದಮೇಲೆ ನೂರು ಸಲ ನೀರು ಕಂಡದ್ದಲ್ಲವೆ? ಒಗೆಯಿರಿ ಎಂದವರು ಸಿಕ್ಕಿಬಿದ್ದಂತೆ. ಕೆಂಪು, ಹಸಿರು ಚೌಕಗಳನ್ನು ಜೋಡಿಸಿ, ನಡುವೆ ದರ್ಜಿ ಅಂಗಡಿಯ ಕತ್ತರಿಚೂರುಗಳನ್ನು ತುಂಬಿ, ಅತ್ತೆಯವರು ಕೌದಿ ಹೊಲಿದರು. ಒಂದು ಮಾತು ಒಪ್ಪಬೇಕು, ಕೌದಿ ಕಣ್ಣಿಗೆ ಹಬ್ಬವಾಗಿತ್ತು. ಬೇಲಿಯ ಮೇಲಿನ ತೊಂಡೆಹಣ್ಣಿನ ಬಳ್ಳಿಯನ್ನೇ ಮಡಿಸಿ ಇಟ್ಟ ಹಾಗೆ.

ತೊಟ್ಟಿಲಿಗೆ ಹಾಕುವ ದಿನ ಅವ್ವನೂ ನಾನೂ ಕಲ್ಯಾಣದುರ್ಗಕ್ಕೆ ಹೋದೆವು. ಅವ್ವ ಇದ್ದ ಒಂದೇ ರೇಷ್ಮೆ ಸೀರೆ ಉಟ್ಟಿದ್ದಳು. ನಾನು ಕೋಟು ತೊಟ್ಟಿದ್ದೆ. ಒಳಗೆ ಅದೇ ರುಮಾಲಿನ ಬೆನ್ನಿನ ಅಂಗಿ, ಏಕೆಂದರೆ ಅದರ ಕೊರಳಪಟ್ಟಿ ಮಾತ್ರ ಚೆನ್ನಾಗಿ ಉಳಿದಿತ್ತು. ಬಿಸಿಲೆಂದರೆ ಹೇಳತೀರದು. ಮಾವನವರು ಕೂಡ ಕತ್ತಿನವರೆಗೆ ಗುಂಡಿ ಹಾಕಿದ ಕೋಟಿನಲ್ಲಿ ಬೆವರುತ್ತಿದ್ದರು. "ಕೋಟು ಬಿಚ್ಚಿ ಅಳಿಯಂದ್ರೇ" ಎಂದು ಅವರು, "ನೀವು ಬಿಚ್ಚಿ ಮಾವನೋರೇ" ಎಂದು ನಾನು, ಇಬ್ಬರೂ ಬಹಳ ಮರ್ಯಾದೆಯಿಂದ ಬೆಂದೆವು.

ಹೆಂಗಸರು ಹಾಡು ಹೇಳಿದರು. ತೊಟ್ಟಿಲಲ್ಲಿ ಕೌದಿ ಹಾಸಿದರು. ಅಕ್ಕಪಕ್ಕದವರು ಅದನ್ನು ನೋಡಿ ಮೆಚ್ಚಿದರು. ಎರಡೂ ಕಡೆಯ ಅಜ್ಜಿಯರು ಆ ಮೆಚ್ಚುಗೆಯನ್ನು ಸಮನಾಗಿ ಹಂಚಿಕೊಂಡರು. ಕೂಸನ್ನು ಬರಿಮೈಯಲ್ಲಿ ಅದರ ಮೇಲೆ ಮಲಗಿಸಿದರು. ಕೂಸು ಒಂದು ಕ್ಷಣ ಯೋಚಿಸಿ, ಎಲ್ಲ ಕೂಸುಗಳೂ ಮಾಡುವ ಕೆಲಸವನ್ನು ಧಾರಾಳವಾಗಿ ಮಾಡಿತು. ಎಲ್ಲರೂ ನಕ್ಕರು, ಶುಭ ಎಂದರು. ಅತ್ತೆಯವರು ಕೂಸನ್ನು ಎತ್ತಿದರು. ಎತ್ತಿದವರು ಕಿಟಾರನೆ ಕಿರುಚಿದರು. ಕೂಸಿನ ಬೆನ್ನು ಕೆಂಪಾಗಿ ತೊಟ್ಟಿಕ್ಕುತ್ತಿತ್ತು.

ಅದು ಈಗ ನಗುವ ವಿಷಯ, ಆಗ ಅಲ್ಲ. ಪಾರ್ವತಿ ಓಡಿಬಂದು ಕೂಸನ್ನು ಕಿತ್ತುಕೊಂಡು ಆಚೆ ಮಗ್ಗುಲು ತಿರುಗಿಸಿದಳು. ಆ ಕಡೆ ಪೂರ್ತಿ ಹಸಿರಾಗಿತ್ತು. ಕೆಂಪು ನೋಡಿ ಬೆಚ್ಚಿದವರೆಲ್ಲ ಹಸಿರು ನೋಡಿ ಸುಮ್ಮನಾದರು. ರಕ್ತ ಯಾರಲ್ಲೂ ಹಸಿರಾಗಿರುವುದಿಲ್ಲ, ಬೀಗರಲ್ಲಿ ಕೂಡ.

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ ಕೌದಿಯ ಒದ್ದೆ ಜಾಗಕ್ಕೆ ಬೆರಳು ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದು, "ಇದು ಪಾತ ಗುಡ್ಡ ಕಾದಮ್ಮಾ, ಕೊತ್ತದಿ" ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟಳು. ಇದು ಹಳೇ ಬಟ್ಟೆ ಅಲ್ಲ, ಹೊಸದು. ಯಾವ ಬಣ್ಣದ್ದು ಎಂದು ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವ್ವ ಹಸಿರು ಚೌಕ ನೋಡಿದಳು. ಅತ್ತೆಯವರು ಕೆಂಪು ಚೌಕ ನೋಡಿದರು. ಮಾವನವರು ಸೂರು ನೋಡಿದರು.

ಕೂಸನ್ನು ತೊಳೆದು ತಂದರು. ಈಗ ಅದನ್ನು ಮಲಗಿಸಲು ನಿಜವಾದ ಹಳೆಯ ಬಟ್ಟೆ ಬೇಕು, ಅದೂ ಮುಹೂರ್ತ ಮೀರುವುದರೊಳಗೆ. ಬಾಣಂತಿ ಕೋಣೆಯ ಬಟ್ಟೆಯೆಲ್ಲ ಬೆಳಿಗ್ಗೆಯೇ ಅಗಸರ ಗಂಟಿಗೆ ಹೋಗಿತ್ತು. ಮನೆಯಲ್ಲಿದ್ದ ಮಿಕ್ಕ ಹಳೆಯದನ್ನು, ಹಿಂದೂಪುರದ ಬೀಗರ ಕಣ್ಣಿಗೆ ಬೀಳಬಾರದೆಂದು ಮಾವನವರು ಮೂಟೆ ಕಟ್ಟಿಸಿ ಊರಾಚೆಯ ಕಡಲೆಕಾಯಿ ಗೋದಾಮಿಗೆ ಸಾಗಿಸಿದ್ದರು. ಬಂದ ಹೆಂಗಸರೆಲ್ಲ ಇದ್ದುದರಲ್ಲಿ ಹೊಸದನ್ನೇ ಉಟ್ಟು ಬಂದಿದ್ದರು. ಅಷ್ಟು ದೊಡ್ಡ ಮನೆಯಲ್ಲಿ, ಅಷ್ಟು ಜನರ ನಡುವೆ, ಒಂದು ಚಿಂದಿಗೆ ಬರ ಬಂತು.

ಒಂದು ಚಿಂದಿ ಎಲ್ಲಿದೆ ಎಂದು ಅಲ್ಲಿ ಮೂವರಿಗೆ ಗೊತ್ತಿತ್ತು. ಪಾರ್ವತಿ ತಲೆ ತಗ್ಗಿಸಿಕೊಂಡಿದ್ದಳು. ನಾನು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ಭದ್ರವಾಗಿವೆ ಎಂದು ಖಾತರಿ ಮಾಡಿಕೊಂಡೆ. ಅವ್ವ ನನ್ನನ್ನೂ ಕೂಸನ್ನೂ ನೋಡಿದಳು, ಮತ್ತೆ ಸುತ್ತಲೂ ಕೂತಿದ್ದ ಕಲ್ಯಾಣದುರ್ಗದ ಹೆಂಗಸರನ್ನೆಲ್ಲ ನೋಡಿದಳು. ಮದುವೆಯ ಮಾತುಕತೆಯ ದಿನದಿಂದ ಅವಳು ಕಾಪಾಡಿಕೊಂಡು ಬಂದ ಮಾತು ನನ್ನ ಬೆನ್ನಿಗೆ ಅಂಟಿಕೊಂಡು ಬೆವರುತ್ತಿತ್ತು.

"ಕೋಟು ಬಿಚ್ಚಪ್ಪ" ಎಂದಳು.

"ಅವ್ವಾ, ಎಲ್ಲಾರೂ ಅವ್ರೆ."

"ಇರ್ಲಿ. ಅದು ನಿಮ್ಮಪ್ಪನ ರುಮಾಲು ಕಣ್ಲಾ. ಕೂಸಿನ ತಾತ ಇದ್ದಿದ್ರೆ ತಾವೇ ಬಂದು ಎತ್ಕಳ್ತಿದ್ರು. ಬಿಚ್ಚು."

ಬಿಚ್ಚಿ ತಿರುಗಿ ನಿಂತೆ. ನನ್ನ ಬೆನ್ನನ್ನು ನಾನು ನೋಡಿಕೊಳ್ಳುವಂತಿರಲಿಲ್ಲ, ಆದರೆ ಅಲ್ಲಿ ಏನೇನಿದೆ ಎಂದು ಬಲ್ಲೆ: ಅಪ್ಪನ ರುಮಾಲು, ಅದರ ಮೇಲೆ ಅವ್ವನ ಕುಪ್ಪಸದ ತುಂಡು, ಪಾರ್ವತಿಯ ಸೆರಗಿನ ಮೂಲೆ, ದಿಂಬಿನ ಚೀಲ, ಯಾವುದೋ ಕಾಲದ ಕಿಟಕಿಯ ಪರದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಪ್ಪನ ನೆನಪಾಯಿತು. ಅತ್ತೆಯವರು ಹತ್ತಿರ ಬಂದು ಬೆನ್ನನ್ನು ಮುಟ್ಟಿ ನೋಡಿದರು. "ಅಕ್ಕಾ, ಇದು ಹೊಲಿದಿಟ್ಟ ಕೌದಿಯೇ ಆಗೈತಲ್ಲ" ಎಂದರು. ಅವರ ದನಿಯಲ್ಲಿ ಆಡಿಕೊಳ್ಳುವುದು ಇರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಮಾವನವರು ಕೆಮ್ಮಿದರು. ಎದ್ದು ನಿಂತರು. "ಅಳಿಯಂದ್ರು ಒಬ್ರೇ ಯಾಕೆ ನಿಂತಿರ್ಬೇಕು" ಎನ್ನುತ್ತಾ ತಮ್ಮ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದರು. ಅತ್ತೆಯವರು "ಏಯ್ ಏಯ್" ಎನ್ನುವುದರೊಳಗೆ ಕೋಟು ಕಳಚಿ ಬಿತ್ತು. ಊರಿಗೇ ದೊಡ್ಡ ಕಡಲೆಕಾಯಿ ವ್ಯಾಪಾರಿಯ ಅಂಗಿಯ ಬೆನ್ನೆಂಬ ಬೆನ್ನೆಲ್ಲ ಹೆಂಗಸರ ಒಂದು ಹಳೆಯ ಸೀರೆ. ಕತ್ತಿನಿಂದ ಸೊಂಟದವರೆಗೆ ಬೆನ್ನುಮೂಳೆಯ ಉದ್ದಕ್ಕೂ ಅರಿಸಿನ ಬಣ್ಣದ ಅಂಚು ನೆಟ್ಟಗೆ ಇಳಿದಿತ್ತು.

"ನನ್ನ ಧಾರೆ ಸೀರೆ" ಎಂದು ಅತ್ತೆಯವರು ಸಣ್ಣ ದನಿಯಲ್ಲಿ ಹೇಳಿದರು. "ಎಸೆಯಾಕೆ ಮನಸಾಗ್ಲಿಲ್ಲ ಅಕ್ಕಾ."

"ಯಾರಿಗಾಯ್ತದೆ?" ಎಂದಳು ಅವ್ವ. ಆಮೇಲೆ ತಡೆಯಲಾರದೆ, "ಅಟ್ಟದ ಮ್ಯಾಲೆ ತಪ್ಪಲೆ ಎಷ್ಟವೆ?" ಎಂದು ಕೇಳಿದಳು.

"ನಿಮ್ಮತ್ರ ಎಷ್ಟವೋ ಅಷ್ಟೇಯ" ಎಂದರು ಅತ್ತೆಯವರು. ಇಬ್ಬರೂ ತೊಟ್ಟಿಲಿನ ಎರಡು ಬದಿಯ ಸರಪಣಿ ಹಿಡಿದುಕೊಂಡು ನಗತೊಡಗಿದರು. ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಇಬ್ಬರು ಗಂಡಸರ ಬೆನ್ನುಗಳನ್ನು ಕತ್ತರಿಯಿಂದ ಬಿಡಿಸಿದರು. ಅಪ್ಪನ ರುಮಾಲೂ ಅತ್ತೆಯವರ ಧಾರೆ ಸೀರೆಯೂ ತೊಟ್ಟಿಲಲ್ಲಿ ಜೊತೆಯಾಗಿ ಬಿದ್ದವು. ಕೂಸು ಅವುಗಳ ಮೇಲೆ ಮಲಗಿ, ಇನ್ನೇನೂ ಅಭಿಪ್ರಾಯ ಕೊಡದೆ ನಿದ್ದೆ ಹೋಯಿತು. ಮರುದಿನ ಬೀಗಿತ್ತಿಯರಿಬ್ಬರೂ ಕೆಂಪು ಹಸಿರು ಕೌದಿಯನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ಬಾವಿಕಟ್ಟೆಯ ಮೇಲೆ ಬಡಿದು, ಅದರ ನಡುವೆ ಈ ಎರಡು ಬೆನ್ನುಗಳನ್ನು ಕೂರಿಸಿ ಹೊಲಿದರು. ಹೊಲಿಯುತ್ತಾ ಇಬ್ಬರೂ ಸೇರಿ ಪಕ್ಕದ ಮನೆಯವರ ಸೀರೆಗಳ ನಿಜಸ್ಥಿತಿಯನ್ನು ಚರ್ಚಿಸಿದರು.

ನಾವು ಹೊರಡುವಾಗ ಮಾವನವರು ನನಗೊಂದು ಅಂಗಿ ಕೊಡಲು ಬಂದರು. ಅವ್ವ ಅಡ್ಡ ಬಂದಳು. "ಬೀಗರ ಮನೆ ಅಂಗಿ ಹಾಕ್ಕಂಡು ಹೋಗೋ ಗತಿ ನಮಗಿನ್ನೂ ಬಂದಿಲ್ಲ. ಇದರಾಗೆ ಮುಂಭಾಗ ಗಟ್ಟಿಯಾಗೇ ಐತೆ" ಎಂದಳು. ಆದ್ದರಿಂದ ನಾನು ಕೊರಳಪಟ್ಟಿ, ಎದೆ ಮತ್ತು ತೋಳುಗಳಿದ್ದು ಬೆನ್ನು ಮಾತ್ರ ಇಲ್ಲದ ಅಂಗಿ ತೊಟ್ಟು, ಮೇಲೆ ಕೋಟು ಹಾಕಿಕೊಂಡು ಬಸ್ಸು ಹತ್ತಿದೆ. ಕೋಟಿನ ಒರಟು ಒಳಬಟ್ಟೆ ದಾರಿಯುದ್ದಕ್ಕೂ ಬೆನ್ನು ಕೆರೆಯುತ್ತಿತ್ತು. "ಏಂ ಸಾರ್, ಇಂತ ಎಂಡಲೋ ಕೋಟಾ? ತೀಸೇಯಂಡಿ" ಎಂದು, ಇಷ್ಟು ಬಿಸಿಲಲ್ಲಿ ಕೋಟೇಕೆ, ತೆಗೆದುಬಿಡಿ ಎಂದು ಕಂಡಕ್ಟರು ಕನಿಕರದಿಂದ ಹೇಳಿದ. ಚಳಿಜ್ವರ ಎಂದೆ. ಮೂಲವ್ಯಾಧಿಯ ನಂತರ ಅದೇನೂ ದೊಡ್ಡದೆನಿಸಲಿಲ್ಲ.

ಕುಂದುರ್ಪಿಯಲ್ಲಿ ಹತ್ತಿದ ಹೆಂಗಸೊಬ್ಬಳು ಅವ್ವನ ಪಕ್ಕ ಕೂತಳು. ಮಡಿಲಲ್ಲಿ ಒಂದು ಹರಿದ ಸೀರೆ ಇಟ್ಟುಕೊಂಡು, ಬಸ್ಸಿನ ಕುಲುಕಾಟದಲ್ಲೇ ಅದಕ್ಕೆ ತೇಪೆ ಹಾಕುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ಆ ಹೊಲಿಗೆಯನ್ನು ನೋಡಿದಳು. ಕಲ್ಯಾಣದುರ್ಗದ ಬಾವಿಕಟ್ಟೆಯನ್ನು ನೆನೆಸಿಕೊಂಡು ಈಗ ಇಬ್ಬರೂ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ ಎಂದು ನಾನು ಕಾದೆ.

"ನಮ್ಮ ಮನೇಲಿ ಹರಿದಿದ್ದು ಹೊಲಿದು ಹಾಕ್ಕಳೋ ಪದ್ಧತಿ ಇಲ್ಲ ಕಣಮ್ಮ" ಎಂದಳು ಅವ್ವ. "ಬೇಕಾದ್ರೆ ನೋಡು, ಇವನು ನನ್ನ ಮಗ."

ಆ ಹೆಂಗಸು ನನ್ನ ಕೊರಳಪಟ್ಟಿಯನ್ನೂ ಮುಂಗೈಯನ್ನೂ ನೋಡಿ ತಲೆದೂಗಿದಳು. ನಾನು ಸೀಟಿಗೆ ಬೆನ್ನು ಒತ್ತಿಕೊಂಡು ನೆಟ್ಟಗೆ ಕೂತೆ. ನಮ್ಮವ್ವ ಆ ಮಾತನ್ನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದಾಳೆ, ಆದರೆ ಅದು ನಿಜವಾಗಿದ್ದು ಆ ಒಂದು ದಿನ. ನನ್ನ ಬೆನ್ನ ಮೇಲೆ ಆಗ ಒಂದು ತೇಪೆಯೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ.